ಗುಂಡಿನ ಮೂತಿಯ ಬಣ್ಣ: ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೇಜಿನ ಮೇಲೆ ಒಂದು ಹಿತ್ತಾಳೆಯ ಕಾಡತೂಸು ನಿಂತಿದೆ ಎಂದುಕೊಳ್ಳಿ. ಉದ್ದ ಸುಮಾರು ಐದೂವರೆ ಅಂಗುಲ, ತೂಕ ಸುಮಾರು 115 ಗ್ರಾಂ. ಮೂತಿಗೆ ತಿಳಿನೀಲಿ ಬಣ್ಣ ಬಳಿಯಲಾಗಿದೆ. ಇಂದಿನ ನೇಟೊ ದೇಶವೊಂದರ ಫಿರಂಗಿದಳದ ಯೋಧನಿಗೆ ಇದನ್ನು ತೋರಿಸಿದರೆ, ನೀಲಿಯೆಂದರೆ ಅಭ್ಯಾಸಕ್ಕೆ ಬಳಸುವ ಮದ್ದು, ಸಿಡಿತಲೆಯ ಭಯವಿಲ್ಲ ಎಂದು ಆತ ಹೇಳಬಹುದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಿಗೆ ಗುಂಡು ತುಂಬುತ್ತಿದ್ದವನಿಗೆ ತೋರಿಸಿದ್ದರೆ, ಇದರೊಳಗೆ ಬೆಂಕಿಯಿದೆ, ಜೋಪಾನ ಎನ್ನುತ್ತಿದ್ದ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಫಿರಂಗಿಯ ದೊಡ್ಡ ಶೆಲ್ಲುಗಳ ಮೇಲೆ ನೀಲಿ ಬಣ್ಣ ಅಭ್ಯಾಸದ ಸಂಕೇತ. ಮಷಿನ್ ಗನ್ ಗುಂಡಿನ ಮೂತಿಯ ಮೇಲೆ ಅದೇ ನೀಲಿ ದಾಹಕದ, ಅಂದರೆ ತಗಲಿದಲ್ಲಿ ಬೆಂಕಿ ಹೊತ್ತಿಸುವ ಗುಂಡಿನ, ಸಂಕೇತ.

ಯುದ್ಧಕಾಲದ ಕಾಡತೂಸುಗಳನ್ನು ಸಂಗ್ರಹಿಸುವ ಹವ್ಯಾಸ ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳಲ್ಲಿ ನಾಣ್ಯ, ಅಂಚೆಚೀಟಿ ಸಂಗ್ರಹದಷ್ಟೇ ಗಂಭೀರವಾದದ್ದು. ಅದಕ್ಕೆಂದೇ ಸಂಘಗಳಿವೆ, ನಿಯತಕಾಲಿಕೆಗಳಿವೆ, ವಾರ್ಷಿಕ ಮೇಳಗಳಿವೆ. ಭಾರತದಲ್ಲಿ ಈ ಹವ್ಯಾಸಕ್ಕೆ ಕಾನೂನು ಅಷ್ಟು ಸುಲಭವಾಗಿ ಅವಕಾಶ ಕೊಡುವುದಿಲ್ಲ. ಆದರೂ ವಿಷಯ ನಮಗೆ ದೂರದ್ದೇನಲ್ಲ. ಇಂಫಾಲ್ ಮತ್ತು ಕೊಹಿಮಾದ ಸುತ್ತ 1944ರಲ್ಲಿ ಯುದ್ಧ ನಡೆದ ಬೆಟ್ಟಗಳಲ್ಲಿ ಹಳೆಯ ಮದ್ದುಗುಂಡು ಇಂದಿಗೂ ಮಣ್ಣಿನಿಂದ ಮೇಲೆ ಬರುತ್ತದೆ. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋದ ತಂದೆತಾಯಿಯರು ಅಲ್ಲಿನ ವಿಮಾನ ಸಂಗ್ರಹಾಲಯಗಳ ಮಳಿಗೆಯಲ್ಲಿ ಇಂಥ ಕಾಡತೂಸಿನಿಂದ ಮಾಡಿದ ಬಾಟಲಿ ಓಪನರ್ ಕಂಡು ಕೊಳ್ಳುವುದೂ ಉಂಟು. ಕೈಗೆ ಬಂದ ವಸ್ತು ಏನು ಎಂಬುದನ್ನು ಬಣ್ಣ ನೋಡಿ ನಿರ್ಧರಿಸಲು ಹೊರಟವರು ಎಲ್ಲಿ ಎಡವುತ್ತಾರೆ ಎಂಬುದೇ ಈ ಲೇಖನದ ವಿಷಯ.

ಹೆಸರೊಂದೇ, ವಸ್ತು ಹಲವು

ಮೊದಲು ಪದಗಳ ಬಗ್ಗೆ ಒಂದು ಮಾತು. ನಾವು ಸಾಮಾನ್ಯವಾಗಿ 'ಗುಂಡು' ಎನ್ನುವುದು ಇಡೀ ಕಾಡತೂಸಿಗೆ. ಆದರೆ ಅದರಲ್ಲಿ ನಾಲ್ಕು ಭಾಗಗಳಿವೆ. ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು, ತಳದಲ್ಲಿರುವ ಪ್ರೈಮರ್ ಎಂಬ ಕಿಡಿಬಟ್ಟಲು ಮತ್ತು ಕೊನೆಯದಾಗಿ ಬಾಯಲ್ಲಿ ಸಿಕ್ಕಿಸಿರುವ ಗುಂಡು. ಹಾರಿ ಹೋಗುವುದು ಗುಂಡು ಮಾತ್ರ. ತುದಿಯ ಬಣ್ಣ ಹೇಳುವುದೂ ಗುಂಡಿನ ಒಳಗೆ ಏನಿದೆ ಎಂಬುದನ್ನು ಮಾತ್ರ; ಕೋಶದೊಳಗೆ ಮದ್ದು ಇದೆಯೋ ಇಲ್ಲವೋ ಎಂಬುದನ್ನಲ್ಲ.

ಸಂಗ್ರಾಹಕರ ಕೈಯಲ್ಲಿ ಅತಿ ಹೆಚ್ಚು ಓಡಾಡುವ ಭಾರೀ ಮಷಿನ್ ಗನ್ ಕಾಡತೂಸೆಂದರೆ ಅಮೆರಿಕದ ಪಾಯಿಂಟ್ 50 ಬ್ರೌನಿಂಗ್. ಮೊದಲ ಮಹಾಯುದ್ಧದ ಕೊನೆಯಲ್ಲಿ, ಕವಚ ಹೊದ್ದ ವಾಹನ ಮತ್ತು ವಿಮಾನಗಳನ್ನು ಭೇದಿಸಬಲ್ಲ ದೊಡ್ಡ ಗುಂಡು ಬೇಕೆಂದು ಜನರಲ್ ಪರ್ಶಿಂಗ್ ಅವರ ಸೇನೆ ಕೇಳಿದಾಗ ಜಾನ್ ಬ್ರೌನಿಂಗ್ ಇದರ ಗನ್ನನ್ನು ರೂಪಿಸಿದರು. ಅದರ ಸುಧಾರಿತ ರೂಪವಾದ ಎಂ-2 ಗನ್ 1933ರಲ್ಲಿ ಬಂದಿತು. ಇಂದಿಗೂ ಹತ್ತಾರು ಸೇನೆಗಳಲ್ಲಿ ಬಳಕೆಯಲ್ಲಿದೆ. ಕೋಶದ ಉದ್ದ 99 ಮಿಲಿಮೀಟರ್ ಆದ್ದರಿಂದ ಇದನ್ನು 12.7×99 ಎಂದೂ ಕರೆಯುತ್ತಾರೆ.

ಇಲ್ಲಿ ಹೊಸಬರನ್ನು ಕಂಗೆಡಿಸುವುದು ಅಮೆರಿಕದ ಸೇನೆಯ ನಾಮಕರಣ ಪದ್ಧತಿ. ಗನ್ನಿನ ಹೆಸರು ಎಂ-2. ಅದರ ಸಾಮಾನ್ಯ ಗುಂಡು ಎಂ-2. ಕವಚಭೇದಕ ಗುಂಡೂ ಎಂ-2. ಕಾಡತೂಸುಗಳನ್ನು ಪಟ್ಟಿಯಾಗಿ ಜೋಡಿಸುವ ಲೋಹದ ಕೊಂಡಿಯೂ ಎಂ-2. ಇತ್ತ ಟ್ರೇಸರ್ ಎಂ-1 ಆದರೆ ದಾಹಕವೂ ಎಂ-1! ಮಾರುವವನು 'ಎಂ-1' ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಹೆಸರು ಕೈಕೊಡುವ ಈ ಜಾಗದಲ್ಲಿ ಬಣ್ಣ ಅನಿವಾರ್ಯವಾಗಿತ್ತು.

ಯಾವ ಬಣ್ಣ, ಯಾವ ಗುಂಡು

ಯುದ್ಧಕಾಲದ ಅಮೆರಿಕದ ಪಾಯಿಂಟ್ 50ರಲ್ಲಿ ಬಣ್ಣವಿಲ್ಲದ, ತಾಮ್ರವರ್ಣದ ಬರಿ ಮೂತಿಯ ಗುಂಡು 'ಬಾಲ್', ಎಂದರೆ ಸಾಮಾನ್ಯ ಗುಂಡು. ಕಪ್ಪು ಮೂತಿ ಕವಚಭೇದಕಕ್ಕೆ. ಇದರ ಹೊಟ್ಟೆಯಲ್ಲಿ ಗಡಸುಗೊಳಿಸಿದ ಉಕ್ಕಿನ ತಿರುಳಿದೆ. ತಿಳಿನೀಲಿ ಎಂ-1 ದಾಹಕಕ್ಕೆ. ಬೆಳ್ಳಿಬಣ್ಣ, ಅಂದರೆ ಅಲ್ಯೂಮಿನಿಯಂ ಪೇಂಟು, ಕವಚಭೇದಕ ಮತ್ತು ದಾಹಕ ಎರಡೂ ಒಂದಾಗಿರುವ ಎಂ-8ಕ್ಕೆ. ಕೆಂಪು ಮೂತಿಯ ಹಿಂದೆ ಬೆಳ್ಳಿಯ ಬಳೆಯಿದ್ದರೆ ಅದು ಎಂ-20: ಕವಚ ಭೇದಿಸಿ, ಬೆಂಕಿ ಹಚ್ಚಿ, ದಾರಿಯುದ್ದಕ್ಕೂ ಬೆಳಕಿನ ಜಾಡನ್ನೂ ಬಿಡುವ ಮೂರು ಕೆಲಸದ ಗುಂಡು. ನೀಲಿ ಮೂತಿಯ ಹಿಂದೆ ತಿಳಿನೀಲಿ ಬಳೆಯಿರುವುದು ಎಂ-23. ಹೆಚ್ಚು ದಾಹಕ ತುಂಬಿದ, ಹೆಚ್ಚು ವೇಗದ ಈ ಗುಂಡು ಬಂದದ್ದು ಯುದ್ಧ ಮುಗಿಯುವ ಹೊತ್ತಿಗೆ.

ಟ್ರೇಸರ್‌ಗಳದ್ದೇ ಒಂದು ಪ್ರತ್ಯೇಕ ಕಥೆ. ಟ್ರೇಸರ್ ಗುಂಡಿನ ಬೆನ್ನಲ್ಲಿ ಒಂದು ಪೊಳ್ಳಿದೆ. ಅದರಲ್ಲಿ ಸ್ಟ್ರಾಂಷಿಯಂ ಲವಣ ಮತ್ತು ಮೆಗ್ನೀಷಿಯಂ ಪುಡಿ ಬೆರೆಸಿದ ಮಿಶ್ರಣವನ್ನು ಒತ್ತಿ ತುಂಬಿರುತ್ತಾರೆ. ದೀಪಾವಳಿಯ ಪಟಾಕಿಗಳಲ್ಲಿ ಕೆಂಪು ಬಣ್ಣ ಕೊಡುವುದೂ ಇದೇ ಸ್ಟ್ರಾಂಷಿಯಂ. ಗುಂಡು ಹಾರಿದಾಗ ಕೋಶದ ಮದ್ದಿನ ಬೆಂಕಿ ಇದಕ್ಕೆ ತಗಲಿ, ಕೆಂಪು ಗೆರೆಯೊಂದು ಆಕಾಶದಲ್ಲಿ ಮೂಡುತ್ತದೆ. ಗನ್ನರ್‌ಗೆ ತನ್ನ ಗುರಿ ಎಲ್ಲಿ ತಪ್ಪುತ್ತಿದೆ ಎಂಬುದು ಕಾಣುತ್ತದೆ. ಮೊದಲು ಬಂದ ಎಂ-1 ಟ್ರೇಸರ್‌ನ ಮೂತಿ ಕೆಂಪು. ಆದರೆ ಅದು ನಳಿಗೆ ಬಿಟ್ಟೊಡನೆ ಪ್ರಖರವಾಗಿ ಉರಿದು ಹಾರಿಸಿದವನ ಕಣ್ಣನ್ನೇ ಕುಕ್ಕುತ್ತಿತ್ತು. ಆದ್ದರಿಂದ ಮೊದಲಿಗೆ ಮಂದವಾಗಿ ಉರಿಯುವ ಎಂ-10 ಬಂತು, ಮೂತಿ ಕಿತ್ತಳೆ. ಆಮೇಲೆ ಇನ್ನಷ್ಟು ದೂರ ಕಾಣುವ ಎಂ-17; ಮೂತಿ ಕಂದು. ಎಂ-21 ಎಂಬುದಂತೂ ವಿಚಿತ್ರ ಉದ್ದೇಶದ್ದು. ಹಾರಿಸಿದವನಿಗಿಂತ ಎದುರಿನವನಿಗೆ ಚೆನ್ನಾಗಿ ಕಾಣಲಿ ಎಂದೇ ಮಾಡಿದ್ದು. ಬಾಂಬರ್‌ನತ್ತ ನುಗ್ಗಿ ಬರುವ ಶತ್ರು ಪೈಲಟ್ ತನ್ನ ಕಡೆಗೇ ಬೆಂಕಿಯುಂಡೆಗಳು ಬರುತ್ತಿರುವುದನ್ನು ಕಂಡು ಹಿಂಜರಿಯಲಿ ಎಂಬ ಲೆಕ್ಕಾಚಾರ. ಅದರ ಮೂತಿಯೂ ಕೆಂಪೇ.

ದಾಹಕದ ರಸಾಯನ ಇನ್ನೂ ಸರಳ. ಅಮೆರಿಕದವರು ಬಳಸಿದ ಮಿಶ್ರಣದಲ್ಲಿ ಅರ್ಧ ಬೇರಿಯಂ ನೈಟ್ರೇಟ್, ಇನ್ನರ್ಧ ಮೆಗ್ನೀಷಿಯಂ-ಅಲ್ಯೂಮಿನಿಯಂ ಮಿಶ್ರಲೋಹದ ಪುಡಿ. ಮಕ್ಕಳ ಕೈಯ ಸುರುಸುರು ಬತ್ತಿಯಲ್ಲಿ ದಶಕಗಳ ಕಾಲ ಬಳಕೆಯಾದದ್ದೂ ಬೇರಿಯಂ ನೈಟ್ರೇಟೇ. ಈ ಗುಂಡಿಗೆ ಬತ್ತಿಯಿಲ್ಲ, ಫ್ಯೂಸ್ ಇಲ್ಲ. ಮೂತಿ ಗಟ್ಟಿ ವಸ್ತುವಿಗೆ ಬಡಿದು ನಜ್ಜುಗುಜ್ಜಾಗುವಾಗ ಒಳಗಿನ ಮಿಶ್ರಣ ಹಿಂಡಿಹೋಗಿ ತಾನೇ ಹೊತ್ತಿಕೊಳ್ಳುತ್ತದೆ. ಹಳೆಯ ನೀಲಿ ಮೂತಿಯ ಗುಂಡನ್ನು ವೈಸ್‌ನಲ್ಲಿ ಬಿಗಿದು ಕೊರೆಯಲು, ಸುತ್ತಿಗೆಯಿಂದ ತಟ್ಟಲು ಹೋಗುವವರು ನೆನಪಿಡಬೇಕಾದ ಮಾತಿದು. ಬ್ರಿಟಿಷರು ಡಿ ವೈಲ್ಡ್ ಎಂಬ ಹೆಸರಿನಲ್ಲಿ 1940ರ ವಾಯುಯುದ್ಧದಲ್ಲಿ ಬಳಸಿದ ದಾಹಕ ಗುಂಡು ಈ ಬಗೆಯ ಗುಂಡುಗಳ ಹಿರಿಯಣ್ಣ. ತಗಲಿದಲ್ಲಿ ಅದು ಮಿಂಚುತ್ತಿದ್ದುದರಿಂದ ಪೈಲಟ್‌ಗಳಿಗೆ ಗುರಿ ಮುಟ್ಟಿದ್ದು ತಿಳಿಯುತ್ತಿತ್ತು.

ಬಣ್ಣ ಯಾರಿಗಾಗಿ?

ಇಷ್ಟೊಂದು ಬಣ್ಣ ಬಳಿದದ್ದು ಗುಂಡು ಹಾರಿಸುವವನಿಗಾಗಿ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದರ ಮುಖ್ಯ ಓದುಗ ಗುಂಡಿನ ಪಟ್ಟಿ ಜೋಡಿಸುತ್ತಿದ್ದ ಆರ್ಮರರ್. ಎಲ್ಲ ಬಗೆಯ ಗುಂಡುಗಳೂ ಒಂದೇ ಗನ್ನಿನಲ್ಲಿ ಓಡಬೇಕು. ಆದ್ದರಿಂದ ಅವುಗಳ ಹೊರ ಆಕಾರ, ಅಳತೆ ಬಹುತೇಕ ಒಂದೇ. ಪಟ್ಟಿಯಲ್ಲಿ ಅವು ಬೆರೆಯಬೇಕು. ವಿಮಾನಗಳಲ್ಲಿ ಬಳಕೆಯಲ್ಲಿದ್ದ ಒಂದು ಜೋಡಣೆಯೆಂದರೆ ಎರಡು ಕವಚಭೇದಕ, ಎರಡು ದಾಹಕ, ಒಂದು ಟ್ರೇಸರ್. ಮತ್ತೆ ಇದೇ ಕ್ರಮ. ಐದಕ್ಕೊಂದು ಟ್ರೇಸರ್ ಬದಲು ಐದೂ ಟ್ರೇಸರ್ ಆದರೆ ನಳಿಗೆ ಹಾಳು, ಒಂದೂ ಇಲ್ಲದಿದ್ದರೆ ಗನ್ನರ್ ಕುರುಡ. ಬಿ-24 ಲಿಬರೇಟರ್‌ನ ನಂತರದ ಮಾದರಿಗಳಲ್ಲಿ ಇಂಥ ಗನ್‌ಗಳು ಹತ್ತು, ಪಿ-47 ಫೈಟರ್‌ನಲ್ಲಿ ಎಂಟು ಇದ್ದವು. ಕೆಲವೇ ನಿಮಿಷಗಳಲ್ಲಿ ಸಾವಿರಾರು ಕಾಡತೂಸುಗಳ ಪಟ್ಟಿಯನ್ನು ಮಬ್ಬು ಬೆಳಕಿನಲ್ಲಿ ಪರಿಶೀಲಿಸಬೇಕಾದವನಿಗೆ ಬಣ್ಣದ ಮೂತಿಗಳ ಸಾಲು ಒಂದೇ ನೋಟಕ್ಕೆ ಓದಬಹುದಾದ ಬರಹವಾಗಿತ್ತು.

ಈ ಬಗೆಯ ವಿಮಾನಗಳು ಬೆಂಗಳೂರಿಗೂ ಅಪರಿಚಿತವಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಒಳಪಟ್ಟು ಪೂರ್ವ ರಣರಂಗದ ದೊಡ್ಡ ದುರಸ್ತಿ ಕೇಂದ್ರವಾಯಿತು. ಬರ್ಮಾ ಮತ್ತು ಚೀನಾ ಕಡೆಯ ಕಾರ್ಯಾಚರಣೆಗಳ ವಿಮಾನಗಳು ಇಲ್ಲಿ ರಿಪೇರಿಯಾಗಿ ಹೊರಡುತ್ತಿದ್ದವು.

ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಆರ್ಮರರ್‌ಗೆ ಉಳಿದದ್ದೆಲ್ಲ ಮೊದಲೇ ಗೊತ್ತಿತ್ತು. ಕಾಡತೂಸು ಯಾವ ದೇಶದ್ದು, ಯಾವ ಗನ್ನಿನದು, ಯಾವ ಪೆಟ್ಟಿಗೆಯಿಂದ ಬಂದದ್ದು ಎಂಬುದೆಲ್ಲ ತಿಳಿದವನಿಗೆ ತಿಳಿಯದೆ ಉಳಿದಿದ್ದ ಒಂದೇ ಒಂದು ವಿಷಯವನ್ನು ಬಣ್ಣ ಹೇಳುತ್ತಿತ್ತು. ಎಂಬತ್ತು ವರ್ಷಗಳ ಬಳಿಕ ಅದೇ ಕಾಡತೂಸನ್ನು ಹಿಡಿದು ನಿಂತವನಿಗೆ ಆ ಹಿನ್ನೆಲೆ ಯಾವುದೂ ಇಲ್ಲ. ಆದ್ದರಿಂದಲೇ ಅನುಭವಿ ಸಂಗ್ರಾಹಕರು ಬಣ್ಣವನ್ನು ಮೊದಲ ಸಾಕ್ಷಿಯಾಗಿ ಅಲ್ಲ, ಕೊನೆಯ ಸಾಕ್ಷಿಯಾಗಿ ವಿಚಾರಣೆಗೆ ಕರೆಯುತ್ತಾರೆ.

ಮೊದಲು ಅಳತೆ, ಆಮೇಲೆ ತಳಮುದ್ರೆ

ಮೊದಲ ಪ್ರಶ್ನೆ ಇದು ಯಾವ ಕಾಡತೂಸು ಎಂಬುದು. 12.7 ಮಿಲಿಮೀಟರ್ ಎಂದೊಡನೆ ಅಮೆರಿಕದ್ದು ಎನ್ನುವಂತಿಲ್ಲ. ಸೋವಿಯತ್ ಒಕ್ಕೂಟದ 12.7ರ ಕೋಶ 108 ಮಿಲಿಮೀಟರ್ ಉದ್ದ. ಬ್ರಿಟನ್ನಿನ ವಿಕರ್ಸ್ ಪಾಯಿಂಟ್ 5, ಇಟಲಿಯ ಬ್ರೆಡಾ ಮತ್ತು ಜಪಾನ್ ಭೂಸೇನೆಯ ವಿಮಾನಗಳ ಹೋ-103 ಗನ್ನಿನ ಕೋಶಗಳು 81 ಮಿಲಿಮೀಟರ್‌ನವು. ಈ ಅಂತರ ಬರಿಯ ಪಾಂಡಿತ್ಯದ ಮಾತಲ್ಲ. ಇಟಲಿ ಮತ್ತು ಜಪಾನ್ ಈ ಚಿಕ್ಕ ಕಾಡತೂಸಿನಲ್ಲೂ ಸಿಡಿಯುವ ಗುಂಡುಗಳನ್ನು ತುಂಬಿದ್ದವು. ಬರ್ಮಾ ಮತ್ತು ಮಣಿಪುರದ ಆಕಾಶದಲ್ಲಿ ಹಾರಾಡಿದ ಜಪಾನಿನ ಕಿ-43 ಫೈಟರ್ ಈ ಹೋ-103 ಗನ್ ಹೊತ್ತಿತ್ತು. ಮೂತಿ ಬೇರೆಯೇ ಲೋಹದ ತುಂಡಿನಂತೆ, ತಿರುಗಿಸಿ ಕೂರಿಸಿದಂತೆ ಕಂಡರೆ ಅದು ಫ್ಯೂಸ್ ಆಗಿರಬಹುದು. ಅಲ್ಲಿಗೆ ಸಂಗ್ರಾಹಕನ ಕೆಲಸ ಮುಗಿಯಿತು, ಬಾಂಬ್ ನಿಷ್ಕ್ರಿಯ ದಳದ ಕೆಲಸ ಶುರುವಾಯಿತು.

ಎರಡನೆಯದು ತಳಮುದ್ರೆ. ಕಾಡತೂಸಿನ ತಳದಲ್ಲಿ ಕಾರ್ಖಾನೆಯ ಅಕ್ಷರ ಮತ್ತು ವರ್ಷವನ್ನು ಒತ್ತಿರುತ್ತಾರೆ. ಅಮೆರಿಕದ 'ಎಲ್ ಸಿ' ಎಂದರೆ ಮಿಸೌರಿಯ ಲೇಕ್ ಸಿಟಿ, 'ಎಸ್ ಎಲ್' ಎಂದರೆ ಸೇಂಟ್ ಲೂಯಿಸ್, 'ಡಿ ಎಂ' ಎಂದರೆ ಡೆ ಮಾಯ್ನ್, 'ಟಿ ಡಬ್ಲ್ಯು' ಎಂದರೆ ಮಿನೆಸೊಟದ ಟ್ವಿನ್ ಸಿಟೀಸ್, 'ಎಫ್ ಎ' ಎಂದರೆ ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಆಯುಧಾಗಾರ. '43' ಎಂದರೆ 1943. ಕೆಲವದರಲ್ಲಿ ಬರಿ '4' ಎಂದಿರುತ್ತದೆ. ಹೊಸಬರು ಇದನ್ನು ಲಾಟ್ ಸಂಖ್ಯೆಯೋ ಮುದ್ರಣದೋಷವೋ ಎಂದುಕೊಳ್ಳುತ್ತಾರೆ. ಅದು 1944. ಹೊಸ ಅಚ್ಚು ಕೆತ್ತುವ ಸಮಯ ಉಳಿಸಲು 43ರ ಅಚ್ಚಿನಿಂದ 3ನ್ನು ಅಳಿಸಿ 4ನ್ನು ಉಳಿಸಿಕೊಂಡರು ಎಂಬುದು ಸಂಗ್ರಾಹಕರ ವಲಯದಲ್ಲಿ ಒಪ್ಪಿತವಾದ ವಿವರಣೆ. ತಳಮುದ್ರೆಯ ಉಪಯೋಗ ಇಲ್ಲಿ ಸ್ಪಷ್ಟವಾಗುತ್ತದೆ: 1942ರ ಕೋಶದ ಮೇಲೆ ಯುದ್ಧಾಂತ್ಯದ ಎಂ-23ರ ಎರಡು ನೀಲಿ ಕಂಡರೆ, ಗುಂಡನ್ನೋ ಬಣ್ಣವನ್ನೋ ಯಾರೋ ಆಮೇಲೆ ಸೇರಿಸಿದ್ದಾರೆ.

ಭಾರತದ ಮಟ್ಟಿಗೆ ಹೆಚ್ಚು ಪರಿಚಿತವಾದದ್ದು 'ಕೆ ಎಫ್' ಎಂಬ ಮುದ್ರೆ. ಎರಡು ಅಕ್ಷರಗಳ ನಡುವೆ ಬ್ರಿಟಿಷ್ ಸರ್ಕಾರದ ಬಾಣದ ಗುರುತು. ಅದು ಪುಣೆ ಬಳಿಯ ಕಿರ್ಕೀ, ಇಂದಿನ ಖಡ್ಕಿಯ ಕಾರ್ಖಾನೆಯದು. ಅದೀಗ 2021ರ ಅಕ್ಟೋಬರ್‌ನಲ್ಲಿ ಕಾರ್ಯಾರಂಭ ಮಾಡಿದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಭಾಗ. ಕಿರ್ಕೀಯಲ್ಲಿ ತಯಾರಾದ ಪಾಯಿಂಟ್ 303 ಕಾಡತೂಸು ರೈಫಲ್‌ನಲ್ಲೂ ವಿಕರ್ಸ್ ಮಷಿನ್ ಗನ್ನಿನಲ್ಲೂ ಓಡುತ್ತಿತ್ತು. ವಿಕರ್ಸನ್ನು ಮೊದಲ ಮಹಾಯುದ್ಧದಲ್ಲಿ ಭಾರೀ ಮಷಿನ್ ಗನ್ ಎಂದೇ ಕರೆಯುತ್ತಿದ್ದರು; ಎರಡನೆಯದರ ವೇಳೆಗೆ ಅದು ಮಧ್ಯಮ ಎನಿಸಿಕೊಂಡಿತ್ತು.

ಒಂದೇ ಬಣ್ಣ, ಹಲವು ಭಾಷೆ

ದೇಶ ತಿಳಿದ ಮೇಲೆಯೇ ಬಣ್ಣಕ್ಕೆ ಅರ್ಥ. ಬ್ರಿಟಿಷರು ಮೂತಿಯಷ್ಟೇ ಅಲ್ಲ, ಪ್ರೈಮರ್‌ನ ಸುತ್ತಲಿನ ಸಣ್ಣ ಬಳೆಗೂ ಬಣ್ಣ ಹಚ್ಚುತ್ತಿದ್ದರು. ನೇರಳೆ ಸಾಮಾನ್ಯ ಗುಂಡಿಗೆ, ಕೆಂಪು ಟ್ರೇಸರ್‌ಗೆ, ಹಸಿರು ಕವಚಭೇದಕಕ್ಕೆ, ನೀಲಿ ದಾಹಕಕ್ಕೆ, ಕಪ್ಪು ತಗಲಿದ ಜಾಗ ತೋರಿಸುವ ವೀಕ್ಷಣಾ ಗುಂಡಿಗೆ. ಹಾಗಾಗಿ ಬ್ರಿಟಿಷ್ ಕಾಡತೂಸಿನಲ್ಲಿ ತಳವನ್ನೂ ತಿರುಗಿಸಿ ನೋಡಬೇಕು. ಅಮೆರಿಕದ ಕಾಡತೂಸಿನ ಪ್ರೈಮರ್ ಸುತ್ತ ಕೆಂಪೋ ಹಸಿರೋ ಕಂಡರೆ ಅದಕ್ಕೆ ಅಂಥ ಅರ್ಥವಿಲ್ಲ. ನೀರು ಒಳಹೋಗದಂತೆ ಹಚ್ಚಿದ ಲ್ಯಾಕರ್ ಅಷ್ಟೆ. ಬ್ರಿಟಿಷ್ ಕಣ್ಣಿನಿಂದ ಅಮೆರಿಕದ ತಳ ನೋಡಿದವರು 'ಅಪರೂಪದ್ದು' ಎಂದು ದುಡ್ಡು ಸುರಿದ ಪ್ರಸಂಗಗಳಿಗೆ ಈ ಹವ್ಯಾಸದಲ್ಲಿ ಬರವಿಲ್ಲ.

ಅಮೆರಿಕದವರಿಗೆ ಕಪ್ಪು ಎಂದರೆ ಕವಚಭೇದಕ, ಬ್ರಿಟಿಷರಿಗೆ ಹಸಿರು. ಜಪಾನ್ ಭೂಸೇನೆ ತನ್ನ 7.7 ಮಿಲಿಮೀಟರ್ ಕಾಡತೂಸುಗಳಲ್ಲಿ ಹಸಿರನ್ನು ಟ್ರೇಸರ್‌ಗೆ ಕೊಟ್ಟಿತು. ಅದನ್ನೂ ಮೂತಿಗಲ್ಲ, ಗುಂಡು ಮತ್ತು ಕೋಶ ಸೇರುವ ಕತ್ತಿನ ಭಾಗಕ್ಕೆ ಬಳಿಯಿತು. ಮೂತಿಯನ್ನಷ್ಟೇ ನೋಡಿ ಬಣ್ಣವಿಲ್ಲ ಎಂದು ತೀರ್ಮಾನಿಸುವವರು ಇಲ್ಲಿ ನೇರವಾಗಿ ತಪ್ಪುತ್ತಾರೆ. ಸೋವಿಯತ್ 12.7ರಲ್ಲಿ ಕಪ್ಪು ಮೂತಿ ಮತ್ತು ಕೆಂಪು ಬಳೆಯಿದ್ದರೆ ಕವಚಭೇದಕ-ದಾಹಕ. ನೇರಳೆ ಮೂತಿ ಮತ್ತು ಕೆಂಪು ಬಳೆಯಿದ್ದರೆ ಅದಕ್ಕೆ ಟ್ರೇಸರ್ ಕೂಡ ಸೇರಿದೆ. ಬ್ರಿಟಿಷರ ಬಳೆಯಲ್ಲಿ ನಿರಪಾಯ ಎನಿಸುವ ನೇರಳೆ, ರಷ್ಯನ್ನರ ಮೂತಿಯಲ್ಲಿ ಅತ್ಯಂತ ಬಿಸಿಯಾದ ಗುಂಡಿನ ಬಣ್ಣ. ಭಾರತೀಯ ಸೇನೆಯ ಟಿ-72 ಟ್ಯಾಂಕಿನ ಮೇಲಿರುವ ಎನ್‌ಎಸ್‌ವಿ ಗನ್ ಈ ಸೋವಿಯತ್ ಕಾಡತೂಸನ್ನೇ ಬಳಸುತ್ತದೆ.

ಬಣ್ಣ ಮೋಸ ಮಾಡುವ ಬಗೆ

ಬಣ್ಣ ಅಳಿಯುತ್ತದೆ. ಲೋಹದ ಕೊಂಡಿ ಉಜ್ಜಿ, ಮಣ್ಣು ತಿಂದು, ಕೈಬೆವರು ತಗಲಿ ಮೊದಲು ಹೋಗುವುದು ಅಂಚಿನ ಬಳೆಯೇ. ಎಂ-20ರ ಬೆಳ್ಳಿ ಬಳೆ ಸವೆದುಹೋದರೆ ಉಳಿಯುವುದು ಕೆಂಪು ಮೂತಿ. ಅದು ಎಂ-1 ಟ್ರೇಸರ್‌ನಂತೆ ಕಾಣುತ್ತದೆ. ಮೂತಿಯಲ್ಲಿ ದಾಹಕವಿಲ್ಲವೆಂದು ಭಾವಿಸಿದ ಗುಂಡಿನಲ್ಲಿ ದಾಹಕವಿರುತ್ತದೆ. ಎಂ-8ರ ಅಲ್ಯೂಮಿನಿಯಂ ಬಣ್ಣ ಪೂರ್ತಿ ಹೋದರೆ ಅದು ಬಾಲ್ ಗುಂಡಿನ ವೇಷ ಹಾಕುತ್ತದೆ. ಕೆಂಪು ಮಾಸಿದರೆ ಕಿತ್ತಳೆಯೋ ಕಂದೋ ಎಂದು ನಿರ್ಧರಿಸುವುದು ಹಗಲಿನ ಬೆಳಕಿನಲ್ಲೂ ಕಷ್ಟ. ಬಣ್ಣವಿಲ್ಲದ ಮೂತಿ ಬಾಲ್ ಎಂಬುದಕ್ಕೆ ಸಾಕ್ಷಿಯಲ್ಲ. ಬಣ್ಣ ಉಳಿದಿಲ್ಲ ಎಂಬುದಕ್ಕಷ್ಟೇ ಸಾಕ್ಷಿ.

ಇನ್ನು ಕೃತಕ ಬಣ್ಣ. ಸಾಮಾನ್ಯ ಬಾಲ್ ಕಾಡತೂಸಿಗಿಂತ ಬಣ್ಣದ ಮೂತಿಯದಕ್ಕೆ ಬೆಲೆ ಹೆಚ್ಚಾದ್ದರಿಂದ, ಬ್ರಷ್ ಹಿಡಿದು ಇತಿಹಾಸ ಬರೆಯುವವರೂ ಇದ್ದಾರೆ. ಕಾರ್ಖಾನೆಯ ಲ್ಯಾಕರ್ ತೆಳು, ಅದರ ಅಂಚು ಸಮ. ಬ್ರಷ್‌ನ ಗೆರೆ, ದಪ್ಪ ಅಂಚು, ಗೀರಿನ ಒಳಗೂ ಇಳಿದ ಬಣ್ಣ ಕಂಡರೆ ಸಂಶಯ ಪಡಬೇಕು. ಗೀರು ಎಂಬತ್ತು ವರ್ಷಗಳಲ್ಲಿ ಬಿದ್ದದ್ದಾದರೆ ಬಣ್ಣ ಅದರ ಒಳಗೆ ಹೇಗೆ ಬಂತು?

ಅಯಸ್ಕಾಂತ ಹಿಡಿದು ನೋಡಿದರೆ ಕವಚಭೇದಕ ಯಾವುದೆಂದು ತಿಳಿಯುತ್ತದೆ ಎಂಬ ನಂಬಿಕೆಯೂ ಪ್ರಚಲಿತ. ಪಾಯಿಂಟ್ 50ರ ಮಟ್ಟಿಗೆ ಇದು ಕೆಲಸಕ್ಕೆ ಬಾರದು. ಯುದ್ಧಕಾಲದ ಎಂ-2 ಬಾಲ್ ಗುಂಡಿನ ತಿರುಳೂ ಉಕ್ಕಿನದೇ, ಮೆದು ಉಕ್ಕು ಅಷ್ಟೆ. ಎರಡೂ ಅಯಸ್ಕಾಂತಕ್ಕೆ ಅಂಟುತ್ತವೆ.

ಎಲ್ಲಕ್ಕಿಂತ ಅಪಾಯಕಾರಿಯಾದ ತಪ್ಪು ಕಲ್ಪನೆ ಕೊರೆದ ರಂಧ್ರದ ಬಗ್ಗೆ. ಕೋಶದ ಪಕ್ಕದಲ್ಲಿ ತೂತು ಕಂಡರೆ ಮದ್ದು ತೆಗೆದಿದ್ದಾರೆ, ನಿರ್ಜೀವ ಎಂದು ಭಾವಿಸುತ್ತಾರೆ. ಸೇನೆಯೇ ತಯಾರಿಸಿದ ಡಮ್ಮಿ ಕಾಡತೂಸಿಗೆ ಅಂಥ ರಂಧ್ರಗಳಿರುತ್ತವೆ, ನಿಜ. ಆದರೆ ಖಾಸಗಿಯವರು ಕೊರೆದದ್ದಾದರೆ ಖಾಲಿಯಾದದ್ದು ಕೋಶ ಮಾತ್ರ. ಮೂತಿ ನೀಲಿಯೋ ಬೆಳ್ಳಿಯೋ ಆಗಿದ್ದರೆ ಗುಂಡಿನ ಹೊಟ್ಟೆಯ ದಾಹಕ ಹಾಗೆಯೇ ಇದೆ. ಕೆಂಪಾಗಿದ್ದರೆ ಬೆನ್ನಿನ ಟ್ರೇಸರ್ ಮಿಶ್ರಣವೂ ಹಾಗೆಯೇ ಇದೆ. ಪ್ರೈಮರ್ ಮೇಲೆ ಹೊಡೆತದ ಗುಳಿ ಇದೆಯೆಂದು ಸಮಾಧಾನ ಪಡುವಂತೆಯೂ ಇಲ್ಲ. ಗುಂಡು ಇನ್ನೂ ಕೋಶದಲ್ಲೇ ಕುಳಿತಿದ್ದರೆ ಅದು ಹಾರದೆ ಉಳಿದ ಕಾಡತೂಸು, ಸತ್ತದ್ದಲ್ಲ.

ಕಾನೂನು ಏನೆನ್ನುತ್ತದೆ?

ಭಾರತದ ಶಸ್ತ್ರಾಸ್ತ್ರ ಕಾಯ್ದೆ-1959ರ 3ನೇ ಕಲಮಿನ ಪ್ರಕಾರ ಮದ್ದುಗುಂಡು ಹೊಂದಲು ಪರವಾನಗಿ ಬೇಕು. ಹೊರದೇಶದಿಂದ ತರಲು 10ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಬೇಕು. ಹಳೆಯದು, ಅಲಂಕಾರಕ್ಕೆ ಇಟ್ಟದ್ದು ಎಂಬುದು ಸಜೀವ ಕಾಡತೂಸಿಗೆ ರಕ್ಷಣೆಯಾಗದು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಮದ್ದುಗುಂಡು ಹೊಂದಿದ್ದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸವಿದೆ. ನಿಷೇಧಿತ ವರ್ಗದ್ದಾದರೆ ಏಳರಿಂದ ಹದಿನಾಲ್ಕು ವರ್ಷ. ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಸೇರುತ್ತವೆ. ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ 45ನೇ ಕಲಮು ವಿನಾಯಿತಿ ನೀಡುತ್ತದೆ. ಆದರೆ ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದ ಮುಂದೆ ಕುಳಿತ ಸಿಬ್ಬಂದಿಗೆ 45ನೇ ಕಲಮು ಕಾಣುವುದಿಲ್ಲ, ಕಾಡತೂಸಿನ ಆಕಾರ ಕಾಣುತ್ತದೆ. ತನ್ನ ಬಳಿ ಇದೆಯೆಂಬ ಅರಿವಿದ್ದು ಹೊಂದಿರಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಬ್ಯಾಗಿನ ಮೂಲೆಯಲ್ಲಿ ಅರಿವಿಲ್ಲದೆ ಉಳಿದ ಒಂಟಿ ಕಾಡತೂಸಿನ ಪ್ರಕರಣಗಳು ಈ ತತ್ವದ ಬಲದಿಂದ ರದ್ದಾದದ್ದುಂಟು. ನೆನಪಿಗೆಂದು ದುಡ್ಡು ಕೊಟ್ಟು ಕೊಂಡು ತಂದವರು ಅರಿವಿರಲಿಲ್ಲ ಎಂದು ಹೇಳುವುದು ಹೇಗೆ?

ಬ್ರಿಟನ್ ಕೂಡ ಉದಾರವಲ್ಲ. ಅಲ್ಲಿನ 1968ರ ಶಸ್ತ್ರ ಕಾಯ್ದೆಯ 5ನೇ ಕಲಮು ವಿಶೇಷ ಅನುಮತಿಯಿಲ್ಲದೆ ಸೇನಾ ಬಳಕೆಯ ಕವಚಭೇದಕ, ದಾಹಕ ಗುಂಡುಗಳನ್ನು ನಿಷೇಧಿಸುತ್ತದೆ. ಅಂದರೆ ಮೂತಿಯ ಬಣ್ಣ ಅಲ್ಲಿ ಬೆಲೆಯನ್ನಷ್ಟೇ ಅಲ್ಲ, ಅಪರಾಧವನ್ನೂ ನಿರ್ಧರಿಸಬಲ್ಲದು.

ಹಳೆಯ ಟ್ರಂಕಿನಲ್ಲೋ ಅಗೆದ ಪಾಯದಲ್ಲೋ ಇಂಥದ್ದು ಸಿಕ್ಕರೆ ಬಣ್ಣ ನೋಡಲೆಂದು ಉಜ್ಜಬಾರದು, ತೊಳೆಯಬಾರದು, ಬ್ರಾಸೋ ಹಚ್ಚಬಾರದು. ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸುವುದು ಕ್ರಮ. ದೂರದಿಂದ ತೆಗೆದ ಒಂದು ಚಿತ್ರ, ಸಿಕ್ಕ ಜಾಗದ ವಿವರ ಇದ್ದರೆ ಬರುವವರಿಗೆ ಅನುಕೂಲ. ನೋಡುವ ಕುತೂಹಲವಷ್ಟೇ ಇದ್ದವರಿಗೆ ಸಂಗ್ರಹಾಲಯಗಳಿವೆ: ಇಂಫಾಲ್ ಬಳಿಯ ಕೆಂಪುಬೆಟ್ಟದಲ್ಲಿ 2019ರಲ್ಲಿ ತೆರೆದ ಶಾಂತಿ ಸಂಗ್ರಹಾಲಯ, ಅರುಣಾಚಲದ ಪಾಸಿಘಾಟ್‌ನಲ್ಲಿ 2023ರಲ್ಲಿ ಆರಂಭವಾದ ಹಂಪ್ ಸಂಗ್ರಹಾಲಯ. ಎರಡನೆಯದರಲ್ಲಿ ಹಿಮಾಲಯ ದಾಟುವಾಗ ಬಿದ್ದ ಅಮೆರಿಕದ ವಿಮಾನಗಳ ಅವಶೇಷಗಳಿವೆ.

ಅಮೆರಿಕದ ಹಿರಿಯ ಸಂಗ್ರಾಹಕರು ಕಾಡತೂಸಿಗಿಂತ ಹೆಚ್ಚು ಆಸೆಯಿಂದ ಹುಡುಕುವ ವಸ್ತುವೊಂದಿದೆ. ಪಾಯಿಂಟ್ 50 ಕಾಡತೂಸುಗಳು ಹತ್ತರಂತೆ ಬರುತ್ತಿದ್ದ ರಟ್ಟಿನ ಡಬ್ಬಿ ಅದು. ಒಳಗಿರುವುದು ಬಾಲೋ ದಾಹಕವೋ ಟ್ರೇಸರೋ ಎಂಬುದು, ಮಾದರಿಯ ಹೆಸರು, ಕಾರ್ಖಾನೆ, ಲಾಟ್ ಸಂಖ್ಯೆ ಎಲ್ಲವೂ ಅದರ ಮೇಲೆ ಅಕ್ಷರದಲ್ಲೇ ಅಚ್ಚಾಗಿರುತ್ತವೆ. ಮೂತಿಯ ಬಣ್ಣದ ಬಗ್ಗೆ ವಾದ ಎದ್ದಾಗ ತೀರ್ಪು ಕೊಡುವುದು ಆ ರಟ್ಟು. ಗುಂಡು ತುಂಬುವ ಅವಸರದಲ್ಲಿ ಅಂದು ಹರಿದೆಸೆದವೇ ಹೆಚ್ಚು. ಆದ್ದರಿಂದ ಉಳಿದದ್ದು ಅಪರೂಪ. ಖಾಲಿ ಡಬ್ಬಿ ಇಟ್ಟುಕೊಳ್ಳಲು ಯಾವ ದೇಶದಲ್ಲೂ ಪರವಾನಗಿ ಕೇಳುವುದಿಲ್ಲ.